ಮಣ್ಣಿನ ಪಾಲಿನ ಚಿಪ್ಪು

ಲವೇನಿಯಾ ಕಂದಾವು ದ್ವೀಪದಿಂದ ಮದುವೆಯಾಗಿ ಬಂದವಳು. ಮೊಮ್ಮಗಳು ಓಡಾಡುವಂತಾದರೂ ಊರವರ ಬಾಯಲ್ಲಿ ಅವಳಿನ್ನೂ ‘ದೋಣಿಯವಳು’. ಗಂಡ ತೀರಿಕೊಂಡ ಮೇಲೆ ಅವಳ ಗುಡ್ಡದ ಹೊಲದ ಮೇಲೆ ಭಾವ ಇಸಿಕೇಲಿಯ ಕಣ್ಣು ಬಿತ್ತು.

“ನೀನು ಕಾಲಿಟ್ಟಾಗಿಂದ ಆ ಮಣ್ಣು ಸತ್ತಿದೆ. ಕೆಸುವಿನ ಗೆಡ್ಡೆ ನೋಡು, ಕೋಳಿಮೊಟ್ಟೆ ಗಾತ್ರ. ಕುಲಕ್ಕೆ ಬಿಟ್ಟುಕೊಡು.”

“ಸತ್ತಿದೆಯೋ ಇಲ್ಲವೋ ಪ್ರಯೋಗಶಾಲೆ ತಟ್ಟೆ ಹೇಳ್ಲಿ ಭಾವ. ಸತ್ತಿದ್ರೆ ನಾನೇ ಬಿಡ್ತೀನಿ.”

ಅವಳು ಕೃಷಿ ಕೇಂದ್ರದ ಪ್ರಯೋಗಶಾಲೆಯಲ್ಲಿ ಗಾಜಿನ ತಟ್ಟೆಗಳಿಗೆ ಲೋಳೆ ಕಾಯಿಸಿ ಹೊಯ್ಯುವವಳು. ಅದರಲ್ಲಿ ಸಕ್ಕರೆ, ಉಪ್ಪು, ಕಡಲಪಾಚಿಯ ಅಂಟು ಇರುತ್ತದೆ. ಸಾರಜನಕ ಮಾತ್ರ ಇರುವುದಿಲ್ಲ. ಅದನ್ನು ಗಾಳಿಯಿಂದಲೇ ಹೀರಿ ಮಣ್ಣಿಗೆ ಉಣಿಸುವ ಅಣುಜೀವಿಗಳು ಅಲ್ಲಿ ಬದುಕುತ್ತವೆ, ಉಳಿದವು ಉಪವಾಸ ಬಿದ್ದು ಸಾಯುತ್ತವೆ.

ಮಣ್ಣು ಅಗೆಯುವ ಮೊದಲು ಕುಲದ ಹಿರಿಯನಾದ ಇಸಿಕೇಲಿ ಪದ್ಧತಿಯಂತೆ ನೆಲದ ಅಪ್ಪಣೆ ಕೇಳಿ, ಕುಡಿದರೆ ಮತ್ತೇರಿಸುವ ಯಂಗೋನ ಬೇರಿನ ನೀರನ್ನು ಅಲ್ಲಿ ಎರೆದ. ಆ ಮಣ್ಣು ಹಾಕಿದ ತಟ್ಟೆಯ ತುಂಬ ಅಣುಜೀವಿಗಳ ಚುಕ್ಕೆಗಳೆದ್ದವು. ಲವೇನಿಯಾ ಚರ್ಚಿನ ಅಂಗಳದಲ್ಲೇ ಹೇಳಿಕೊಂಡು ಬೀಗಿದಳು. ಆದರೆ ಅವನ್ನು ತಂತಿಯ ತುದಿಯಲ್ಲಿ ತೆಗೆದು ಹೊಸ ತಟ್ಟೆಗೆ ಗೀರಿದಾಗ ಒಂದೂ ಏಳಲಿಲ್ಲ. ಬೇರಿನ ನೀರಲ್ಲಿದ್ದ ಸಾರಜನಕ ಉಂಡು ಕೊಬ್ಬಿದ ಪುಂಡರು ಅವು. ನಿಜವಾದವುಗಳಿಗೆ ಜಾಗವನ್ನೇ ಬಿಟ್ಟಿರಲಿಲ್ಲ.

“ಏನಮ್ಮ, ನಿನ್ನ ಲೋಳೆ ಮಾತಾಡ್ತಾ?” ನಾದಿನಿ ಮೆರೆವಾನಿ ಬಾವಿಕಟ್ಟೆಯಲ್ಲಿ ಚುಚ್ಚಿದಳು. “ಗಂಟು ಕಟ್ಕೋ. ದೋಣಿ ಕಾಯ್ತಿದೆ.”

ಲವೇನಿಯಾ ಮತ್ತೆ ಭಾವನ ಚಾಪೆಯಂಚಿನಲ್ಲಿ ಕೂತಳು. “ಇನ್ನೊಂದು ಸಲ ತೆಗೀತೀನಿ. ನೀರು ಎರೀಬೇಡಿ.”

“ಎರೀದೆ ತೆಗೆದ್ರೆ ಕಳ್ಳತನ. ನಿಮ್ಮೂರಲ್ಲಿ ನಡೀಬಹುದು.”

“ಹಾಗಾದ್ರೆ ಮಣ್ಣಿಗೆ ಎರೆಯೋ ಪಾಲು ನನಗೆ ಕೊಡಿ, ನಾನು ಕುಡೀತೀನಿ. ನನ್ನ ಗಂಡ ಆ ಮಣ್ಣಲ್ಲಿದಾನೆ, ಮಕ್ಕಳು ಅದರದ್ದೇ ಉಂಡು ಬೆಳೆದ್ರು. ಅದರ ಬಾಯಿ ನಾನಾಗ್ತೀನಿ.”

ಸುತ್ತ ಕೂತಿದ್ದ ಕುಲದ ಮುದುಕರು ತಲೆ ಎತ್ತಿದರು. ಬೇಡವೆಂದರೆ ಸತ್ತ ತಮ್ಮನನ್ನೇ ಹೊರಗಿಟ್ಟಂತೆ. ಇಸಿಕೇಲಿ ಹಲ್ಲು ಕಚ್ಚಿ, ಬೇರಿನ ಪುಡಿಯನ್ನು ಕೆಸರಿನಷ್ಟು ಮಂದವಾಗಿ ಕದಡಿ ತೆಂಗಿನ ಚಿಪ್ಪು ತುಂಬಿಸಿದ. ಅವಳು ಪದ್ಧತಿಯಂತೆ ಒಮ್ಮೆ ಚಪ್ಪಾಳೆ ತಟ್ಟಿ, ಒಂದೇ ಗುಟುಕಿಗೆ ಕುಡಿದು, ಮತ್ತೆ ಮೂರು ಸಲ ತಟ್ಟಿದಳು. ನಾಲಗೆ ಜೋಮು ಹಿಡಿದಿತ್ತು. ಹಾಗೇ ಗುಡ್ಡ ಹತ್ತಿ, ನೀರೆರೆಯದೆ ಮಣ್ಣು ಅಗೆದು ತಂದಳು.

ಈ ಸಲ ಮೊದಲ ತಟ್ಟೆಯಲ್ಲಿ ಎದ್ದವು ಕೆಲವೇ. ಅವನ್ನು ಗೀರಿದ ಎರಡನೆಯ ತಟ್ಟೆಯಲ್ಲಿ ಹೊಳೆಯುವ, ಅಂಟುಅಂಟಾದ ಹನಿಗಳು ಎದ್ದವು. ಮೂರನೆಯದರಲ್ಲೂ ಎದ್ದವು. ತಟ್ಟೆಯನ್ನು ಒಯ್ದು ಇಸಿಕೇಲಿಯ ಮುಂದಿಟ್ಟಳು.

ಅವನು ಮೂಸಿ ನೋಡಿ ಪಕ್ಕಕ್ಕೆ ನೂಕಿದ. “ಸಿಂಬಳದ ಹಾಗಿದೆ.”

“ಬದುಕಿದೆಯಲ್ಲ.”

“ಹೊಲ ಇಟ್ಕೋ,” ಎಂದು ಅವನು ಬೆನ್ನು ತಿರುಗಿಸಿದ. “ನನ್ನ ಚಾಪೆ ತುಳೀಬೇಡ.”

ಅವಳು ತಟ್ಟೆ ಎತ್ತಿಕೊಂಡು, ಚಾಪೆಯ ನಡುವಿನಿಂದಲೇ ನಡೆದು ಹೊರಬಂದಳು.