ವಾಪಸ್ ಬರುವಾಗಿನ ಮಾರ್ಚು

ಲಾಕ್‌ಡೌನ್ ಶುರುವಾದಾಗಿನಿಂದ ನಾವಿರುವ ಈ ಪರದೇಶದಲ್ಲಿ ಎದುರಿನ ಕಾಂಡೋ ಕಟ್ಟಡದ ನಿವೃತ್ತ ಪೊಲೀಸ್ ಸರ್ದಾರ್ಜಿ ಬಾಲ್ಕನಿಯಲ್ಲಿ ನಿಂತು ಬ್ಯಾಗ್‌ಪೈಪ್ ಊದುತ್ತಾರೆ. ಇಂದು ಬೆಳಿಗ್ಗೆ ಊದಿದ್ದು ನನ್ನ ಅಪ್ಪನ ಟ್ಯೂನು.

ಅಪ್ಪ ಬೆಂಗಳೂರು ದಂಡಿನ ಬ್ಯಾಂಡಿನಲ್ಲಿ ಪೈಪರ್. ಸ್ಕಾಟ್ಲೆಂಡಿನ ಕುರಿ ಕಾಯುವವರ ಹಾಡುಗಳನ್ನು ಬ್ರಿಟಿಷರು ಸಿಪಾಯಿಗಳ ಮಾರ್ಚು ಮಾಡಿ, ನಮ್ಮವರಿಗೂ ಕಲಿಸಿ ಹೋಗಿದ್ದರಂತೆ. ಬ್ಯಾಗ್‌ಪೈಪಿನ ಚೀಲದ ಚರ್ಮ ಒಣಗದಿರಲೆಂದು ಅಪ್ಪ ಗ್ಲಿಸರಿನ್ ಹಾಕಿ ನಾದುತ್ತಿದ್ದ. ಮನೆಯೆಲ್ಲ ತೊಗಲಿನ ವಾಸನೆ.

ಒಮ್ಮೆ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದ ಅಂತೋಣಿ ಮಾಮ ತೀರಿಕೊಂಡರು. ನನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿಸಿದವರು. ಸ್ಮಶಾನಕ್ಕೆ ಹೋಗುವಾಗ ಅಪ್ಪ ನಿಧಾನದ ರಾಗ ನುಡಿಸಿದ. ಆ ಶೋಕರಾಗಕ್ಕೆ ಇಂಗ್ಲಿಷಿನಲ್ಲಿ ಎಲಿಜಿ ಅನ್ನುತ್ತಾರೋ ಲಮೆಂಟ್ ಅನ್ನುತ್ತಾರೋ, ಕಾಲೇಜಿನಲ್ಲಿ ಕಲಿತದ್ದು ಅರ್ಧ ಮರೆತಿದೆ. ಮಣ್ಣು ಮಾಡಿ ಗೇಟು ದಾಟಿದ್ದೇ ತಡ, ಕುಣಿಯುವಂಥ ಮಾರ್ಚು ಶುರು ಮಾಡಿದ. ಇಂದು ಬೆಳಿಗ್ಗೆ ಸರ್ದಾರ್ಜಿ ಊದಿದ್ದೂ ಅದನ್ನೇ. ನನಗೆ ನಾಚಿಕೆ, ಸಿಟ್ಟು. ಎರಡು ದಿನ ಅಪ್ಪನನ್ನು ಮಾತಾಡಿಸಲಿಲ್ಲ.

"ಏನ್ ದೊರೆ, ಮಾತೇ ಇಲ್ಲ?" ಎಂದು ಕೊನೆಗೆ ಅಪ್ಪನೇ ಕೇಳಿದ.

"ಮಾಮ ಸತ್ತಿದ್ದು ನಿಂಗೆ ಖುಷಿನಾ?"

ಅಪ್ಪ ನಾದುತ್ತಿದ್ದ ಚೀಲ ಕೆಳಗಿಟ್ಟ. "ಅಳೋ ರಾಗಾನೇ ಊದ್ತಾ ಇದ್ರೆ ಯಾರೂ ಅಲ್ಲಿಂದ ವಾಪಸ್ ಬರಲ್ಲ ಕಣೋ. ನಂಗೇ ಕಾಲು ಏಳ್ತಿರ್ಲಿಲ್ಲ."

ನನ್ನಾಕೆ ಹೋಗಿ ಮೂರು ತಿಂಗಳಾಯಿತು. ಕೊರೊನಾ ನಿಯಮ, ಚಿತಾಗಾರಕ್ಕೆ ಹೋದದ್ದು ನಾನು, ಮಗಳು, ಅಳಿಯ, ಮೂವರೇ. ಮರಳುವಾಗ ಕಾರಿನಲ್ಲಿ ಎಸಿಯ ಸದ್ದು ಬಿಟ್ಟರೆ ಯಾವ ರಾಗವೂ ಇರಲಿಲ್ಲ. ಅಂದಿನಿಂದ ನಾನು ಹೊಸಿಲು ದಾಟಿಲ್ಲ.

"ಅಪ್ಪಾ, ಕಮ್ ಲಾ, ಜಸ್ಟ್ ಒನ್ ರೌಂಡ್," ಎಂದು ಮಗಳು ಇಲ್ಲಿಯವರಂತೆ 'ಲಾ' ಸೇರಿಸಿ ಇವತ್ತೂ ವಾಕಿಂಗಿಗೆ ಕರೆದಳು.

ಮಾಸ್ಕ್ ಎಲ್ಲಿದೆ ಎಂದು ಕೇಳಿದೆ. "ಲಿಫ್ಟ್ ತನಕ ಬರ್ತೀನಿ, ಅಷ್ಟೇ," ಎಂದೆ.