ಎಡಗಡೆಯ ಗಿಟಾರ್

ಅವರ ಎಡಗಿವಿ ಬಲಗಿವಿಗಿಂತ ಕಪ್ಪಾಗಿ, ಜಡ್ಡುಗಟ್ಟಿತ್ತು. ರಿಪೇರಿಯಾದ ಪ್ರತಿಯೊಂದು ಮೈಕ್ ಸೆಟ್ಟಿನ ಹಾರ್ನನ್ನೂ ವರ್ಷಗಟ್ಟಲೆ ಅದೇ ಕಿವಿಗೆ ಒತ್ತಿ ಪರೀಕ್ಷಿಸಿದ ಗುರುತು ಅದು. ಶಹಾಪುರದ ಬಸ್ ನಿಲ್ದಾಣದ ಹಿಂದೆ ಅವರ ಮೈಕ್ ರಿಪೇರಿ ಅಂಗಡಿ. ಊರೆಲ್ಲ ಅವರನ್ನು ಮೈಕ್ ಕಾಕಾ ಎನ್ನುತ್ತಿತ್ತು. ಪಕ್ಕದ ಕೋಣೆಯಿಂದ ನಾನು ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ.

ಪ್ರಾಯದಲ್ಲಿ ಹೈದರಾಬಾದಿನ ಸೌಂಡ್ ಅಂಗಡಿಯೊಂದರಲ್ಲಿ ದುಡಿಯುವಾಗ ಅವರಿಗೆ ರಾಕ್ ಸಂಗೀತದ ಹುಚ್ಚು ಹಿಡಿದಿತ್ತು. ಈ ಅಂಗಡಿಯಲ್ಲೂ ಅದು ಬಿಟ್ಟಿರಲಿಲ್ಲ; ಹೊಸ ಆಲ್ಬಂ ಬಂದರೆ ಮೊಬೈಲಿಗೆ ಇಯರ್‌ಫೋನ್ ಸಿಕ್ಕಿಸಿ, ಮೊದಲ ಹಾಡಿನಿಂದ ಕೊನೆಯದರವರೆಗೆ ಕೇಳುತ್ತಿದ್ದರು. ನಡುವೆ ಗಿರಾಕಿ ಬಂದರೆ ಕೈಯೆತ್ತಿ ಕೂರಿಸುತ್ತಿದ್ದರು. ಮುಗಿದ ಮೇಲೆ ನೋಟ್‌ಬುಕ್ಕಿನಲ್ಲಿ ಆ ಆಲ್ಬಮ್ಮಿನ ವಂಶ ಬರೆಯುತ್ತಿದ್ದರು: ಡ್ರಮ್ಮಿನ ಅಪ್ಪ ಯಾರು, ಗಿಟಾರಿನ ಅಜ್ಜ ಯಾರು, ಯಾವ ವರಸೆ ಯಾರಿಂದ ಬಂತು.

“ಇಂಗ್ಲಿಷ್ ತಿಳಿತದೇನ್ರಿ ಕಾಕಾ?” ಎಂದು ಕೆಣಕಿದ್ದೆ.

“ನಿನ್ನ ಪೇಪರಿನ ಕನ್ನಡ ಎಷ್ಟು ಮಂದಿಗಿ ತಿಳಿತದ?” ಎಂದರು. “ಈ ಹಾಡಿನ ಮುತ್ಯಾ ಹುಟ್ಟಿದ್ದು ಅಮೆರಿಕದ ಹತ್ತಿ ಹೊಲದಾಗ. ಕೂಲಿ ಮಂದಿ ಬಾಗಿ ಬಿಡಿಸ್ಕೋತ ಹಾಡ್ಯಾರ. ನಮ್ಮವ್ವನೂ ಹಂಗೇ ಹಾಡ್ತಿದ್ಲು. ನನಗ್ಯಾಕ ತಿಳಿಯಂಗಿಲ್ಲ?”

ಈಗಿನ ವಾದಕರ ಮೇಲೆ ಅವರ ತಕರಾರು ಒಂದೇ: ಎಲ್ಲವನ್ನೂ ಒಂದೇ ಜೋರಿನಲ್ಲಿ ಬಾರಿಸುತ್ತಾರೆ, ದನಿ ಇಳಿಸುವ ಧೈರ್ಯವಿಲ್ಲ.

ಒಮ್ಮೆ ಹೊಸ ಆಲ್ಬಂ ಒಂದಕ್ಕೆ ತೀರ್ಪು ಕೊಟ್ಟರು: “ಎರಡನೇ ಗಿಟಾರೇ ಇಲ್ಲ. ಅರ್ಧಾ ಮನಿ ಕಟ್ಟಿ ಬಿಟ್ಟಾರ.” ನಾನೂ ಕೇಳಿದೆ. ಎರಡನೇ ಗಿಟಾರ್ ಉದ್ದಕ್ಕೂ ಇತ್ತು, ಎಡಗಡೆಯ ಇಯರ್‌ಫೋನಿನಲ್ಲಿ ಮಾತ್ರ. ತಪ್ಪು ಕಂಡರೆ ತಿದ್ದುವುದು ನನ್ನ ಕಸುಬು. ಹೋಗಿ ಹೇಳಿಬಿಟ್ಟೆ.

ಅವರು ಎಡಗಡೆಯ ಇಯರ್‌ಫೋನನ್ನು ತೆಗೆದು ಬಲಗಿವಿಗೆ ಸಿಕ್ಕಿಸಿಕೊಂಡು ಇಡೀ ಆಲ್ಬಂ ಕೇಳಿದರು. ಆಮೇಲೆ ಕಪಾಟಿನ ನೋಟ್‌ಬುಕ್ಕುಗಳತ್ತ ನೋಡಿದರು.

“ಕಿವಿ ಯಾವಾಗ ಹೋಗ್ಯದೋ ಏನೋ, ಹಾರ್ನಿನ ನಡುಕಾನೇ ದನಿ ಅಂತ ತಿಳ್ಕೊಂಡಿದ್ದೆ. ಇದರಾಗ ಎಷ್ಟು ಸುಳ್ಳ ಬರದೀನಿ?”

“ಎರಡೂ ತಂತಿ ಕೂಡಿಸಿ ಒಂದೇ ಕಿವಿಗಿ ಕೊಟ್ರಾತಲ್ರಿ.”

“ಕಲಸಿದ್ರ ಯಾರು ಎತ್ತ ನಿಂತು ಬಾರಸ್ಯಾರಂತ ಗೊತ್ತಾಗಂಗಿಲ್ಲೋ ತಮ್ಮಾ.”

ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಯೂ ಹೊರಟಿದೆ, ಹಾರ್ನ್ ಕೆಲಸ ಬಿಡಿ ಎಂದು ಯಾದಗಿರಿಯ ವೈದ್ಯರು ಹೇಳಿದರು. ಬಿಡಲಿಲ್ಲ, ಬೇರೆ ಕೆಲಸ ಗೊತ್ತಿರಲಿಲ್ಲ. ಕಿವಿ ಮುಗಿಯುವುದರೊಳಗೆ ನೋಟ್‌ಬುಕ್ಕುಗಳನ್ನು ತಿದ್ದಿ ಮುಗಿಸಬೇಕೆಂದು ಹಟಕ್ಕೆ ಬಿದ್ದರು. ಪ್ರತಿ ಆಲ್ಬಮ್ಮನ್ನೂ ಬಲಗಿವಿಯಲ್ಲೇ ಎರಡು ಸಲ ಕೇಳಿ, ಪುಟದ ನಡುವೆ ಗೆರೆ ಎಳೆದು, ಬಲ, ಎಡ ಎಂದು ಬರೆಯುತ್ತಿದ್ದರು. ತಿಂಗಳು ತಿಂಗಳಿಗೆ ವಾಲ್ಯೂಮ್ ಏರಿತು. ಕೊನೆಕೊನೆಗೆ ಎದುರು ಕುಳಿತ ನನಗೂ ಹಾಡು ಕೇಳಿಸುತ್ತಿತ್ತು.

“ಎರಡೂ ಕೂಡಿ ಬಂದ್ರ ಹೆಂಗ ಕೇಳಸ್ತದ?” ಎಂದು ಒಂದು ದಿನ ವಿಚಾರಿಸಿದರು.

“ಚಲೋ ಕೇಳಸ್ತದ್ರಿ.”

“ಪೇಪರ್‌ನಾಗೂ ಹಿಂಗೇ ಬರೀತೀ ಏನು?” ಎಂದು ನಕ್ಕರು.

ಕಳೆದ ಬೇಸಿಗೆಯಲ್ಲಿ ಚಹಾ ಕುಡಿಯಲೆಂದು ರಸ್ತೆ ದಾಟುವಾಗ, ಕೆಂಭಾವಿ ಕಡೆ ಹೊರಟಿದ್ದ ಲಾರಿ ಅವರ ಮೇಲೆ ಹರಿಯಿತು. ಚಾಲಕ ಹಾರ್ನ್ ಹೊಡೆದಿದ್ದನೆಂದು ಕಂಡವರೆಲ್ಲ ಹೇಳಿದರು. ಲಾರಿ ಬಂದದ್ದು ಎಡಗಡೆಯಿಂದ. ನಾಲ್ಕು ಸಾಲಿನ ಆ ಸುದ್ದಿ ಬರೆದವನು ನಾನೇ.

ಅವರ ಹೆಂಡತಿ ನೋಟ್‌ಬುಕ್ಕುಗಳನ್ನು ನನಗೆ ಕೊಟ್ಟರು. ಕೊನೆಯ ಪುಟದಲ್ಲಿ ಬಲ ತುಂಬಿದೆ, ಎಡ ಖಾಲಿ. ಆ ಆಲ್ಬಮ್ಮನ್ನು ಎಡಗಡೆಯ ಇಯರ್‌ಫೋನ್ ಒಂದನ್ನೇ ಹಾಕಿಕೊಂಡು ಹಲವು ಸಲ ಕೇಳಿದ್ದೇನೆ. ಅಲ್ಲೊಂದು ಗಿಟಾರ್ ಇದೆ. ಅದರ ಅಪ್ಪ ಯಾರೆಂದು ಹೇಳಬಲ್ಲವರು ಊರಿನಲ್ಲಿ ಈಗಿಲ್ಲ. ಗೊತ್ತಿಲ್ಲದ್ದನ್ನು ಆ ಖಾಲಿ ಜಾಗದಲ್ಲಿ ನಾನು ಬರೆದಿಲ್ಲ.