ಅಕ್ಕ ಕಾಯ್ದ ಡಿಸ್ಕು

ಗೇಮ್ ಮಷಿನ್ನಿಗೆ ಇನ್ನು ದೊಡ್ಡ ಡಿಸ್ಕು ಬೇಕಿಲ್ಲ, ಎಲ್ಲವೂ ನೆಟ್ಟಿನಲ್ಲೇ ಬರುತ್ತದೆ ಎಂದು ಯಾರಾದರೂ ಫೋನಿನಲ್ಲಿ ಪಾಂಡಿತ್ಯ ಕೊಚ್ಚುವುದನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಹೊಟ್ಟೆ ತುಂಬಿದವರಿಗೆ ಹುಗ್ಗಿ ಮುಳ್ಳು. ಅಂಥವರು ಶಹಾಪುರದ ನಮ್ಮ ಮನೆಯಲ್ಲಿ, ಆ ಒಂದು ತಿಂಗಳು, ನನ್ನ ಅಕ್ಕನ ಪಕ್ಕ ಕೂತಿರಬೇಕಿತ್ತು.

ಅಕ್ಕ ಸುರಪುರದ ಶಾಲೆಯೊಂದರಲ್ಲಿ ಟೀಚರ್ ಆಗಿದ್ದಳು. ಸಕ್ಕರೆ ಕಾಯಿಲೆ ಅವಳ ಬಲಗಣ್ಣನ್ನು ಮೊದಲೇ ತಿಂದಿತ್ತು. ಕೆಲಸ ಬಿಟ್ಟು ಮನೆಗೆ ಬಂದ ಮೇಲೆ ಎಡಗಣ್ಣಿಗೂ ಕೈ ಹಾಕಿತು. ಕಲಬುರಗಿಯ ಡಾಕ್ಟರು ಕಣ್ಣಿಗೆ ಇಂಜೆಕ್ಷನ್ ಕೊಟ್ಟು ಕೊಟ್ಟು ಕೊನೆಗೆ ನನ್ನನ್ನು ಹೊರಗೆ ಕರೆದು, “ಏನೇನು ನೋಡ್ಬೇಕಂತಾರೋ ಈಗೇ ತೋರಿಸಿಬಿಡ್ರಿ” ಅಂದರು. ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕ ಕೇಳಿದಳು: “ಡಾಕ್ಟರ್ ಏನಂದ್ರೋ ತಮ್ಮಾ?”

“ಆರಾಮ ಆಗ್ತದಂತ.”

ಇಡೀ ಕ್ಲಾಸಿನ ಸುಳ್ಳುಗಳನ್ನು ದಿನಾ ಕೇಳಿದವಳಿಗೆ ನನ್ನದು ಯಾವ ಲೆಕ್ಕ.

ನಾನು ಯಾದಗಿರಿಯ ಕಚೇರಿಯೊಂದರಲ್ಲಿ ಗುಮಾಸ್ತ. ರಜೆಯಲ್ಲಿ ಆಡಲೆಂದು ಗೇಮ್ ಮಷಿನ್ ತಂದಿಟ್ಟಾಗ “ಕತ್ತೆ ವಯಸ್ಸಾಗ್ಯಾದ, ಇನ್ನಾ ಆಟ ಬಿಟ್ಟಿಲ್ಲ ನೋಡು” ಎಂದು ಬೈದ ಅಕ್ಕ, ವಾರದೊಳಗೆ ರಿಮೋಟನ್ನೇ ಕಸಿದುಕೊಂಡಿದ್ದಳು. ಆ ಆಟದಲ್ಲಿ ಒಬ್ಬ ಹೆಂಗಸು ಕಳೆದುಹೋದ ಮಗಳನ್ನು ಹುಡುಕುತ್ತ ಮರಳುಗಾಡು ದಾಟುತ್ತಾಳೆ. ಮೊದಲ ಭಾಗ ಒಂದು ಮುಚ್ಚಿದ ಬಾಗಿಲ ಮುಂದೆ ನಿಂತುಬಿಟ್ಟಿತ್ತು. ಎರಡನೆಯ ಭಾಗ ಬಂದಿದೆ ಎಂದು ಗೊತ್ತಾದ ದಿನ ಅಕ್ಕ ಅಂದಳು: “ಆ ಬಾಗಿಲಾ ತೆರೆಯೋದೊಂದು ನೋಡ್ತೀನಿ. ಆಮ್ಯಾಲ ಏನರ ಆಗ್ಲಿ.”

ಯಾದಗಿರಿಯ ಅಂಗಡಿಯವನು ಡಿಸ್ಕು ಕೈಗಿಟ್ಟು, “ಇದ್ರಾಗ ಅರ್ಧಾನೇ ಅದ ರೀ ಸರ್. ಪೂರಾ ಹಿಡಸಂಗಿಲ್ಲ. ಉಳಿದದ್ದು ನೆಟ್ಟಿಂದ ಇಳಿಸ್ಕೋಬೇಕು” ಅಂದ.

“ಹಂಗಾದ್ರ ದೊಡ್ಡ ಡಿಸ್ಕ್ ಮಾಡ್ಬಾರ್ದೇನ್ರಿ?”

“ಯಾರಿಗಿ ಬೇಕಾಗ್ಯಾದ್ರಿ? ದೊಡ್ಡ ಊರಾಗ ಒಂದ್ ತಾಸಿನ ಕೆಲಸ.”

ಮಷಿನ್ ತಂದುಕೊಟ್ಟರೆ ತನ್ನ ಅಂಗಡಿಯಲ್ಲೇ ಇಳಿಸಿಕೊಡುತ್ತೇನೆ ಎಂದೂ ಹೇಳಿದ. ನನಗೇನು ಕಡಿಮೆ ಸೊಕ್ಕೇ? ನಮ್ಮ ಮನೆಯಲ್ಲೂ ನೆಟ್ ಇದೆ ಎಂದು ತಿರುಗಿ ಬಂದೆ. ಆ ಮಾತಿಗಾಗಿ ನನ್ನನ್ನು ನಾನು ಇನ್ನೂ ಕ್ಷಮಿಸಿಲ್ಲ.

ನಮ್ಮ ಓಣಿಯಲ್ಲಿ ಫೋನಿನ ನೆಟ್ಟೇ ಗತಿ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಹಾಗೆ, ಡಿಸ್ಕು ಕೊಟ್ಟದ್ದನ್ನು ನೆಟ್ಟು ಕೊಡಲಿಲ್ಲ. ಡಿಸ್ಕಿನೊಳಗಿದ್ದ ಅರ್ಧವನ್ನು ಮಷಿನ್ನು ಅದೇ ದಿನ ತನ್ನೊಳಗೆ ಸೇರಿಸಿಕೊಂಡಿತು. ಉಳಿದರ್ಧ ಹನಿ ಹನಿಯಾಗಿ ಇಳಿಯತೊಡಗಿತು. ಟಿವಿಯಲ್ಲಿ ಒಂದು ನೀಲಿ ಗೆರೆ, ಅದರ ಪಕ್ಕ ಪರ್ಸೆಂಟಿನ ಅಂಕಿ. ಅಕ್ಕ ಮೊದಲ ವಾರ ಅದನ್ನು ಮಂಚದ ಮೇಲಿಂದಲೇ ಓದುತ್ತಿದ್ದಳು. ಎರಡನೆಯ ವಾರ ಕುರ್ಚಿ ಮುಂದಕ್ಕೆ ಎಳೆದುಕೊಂಡಳು. ಮೂರನೆಯ ವಾರ ಮೂಗು ಗಾಜಿಗೆ ತಗಲುವಷ್ಟು ಹತ್ತಿರ ನಿಂತು ಓದಿದಳು. ಗೆರೆ ಉದ್ದವಾದಷ್ಟೂ ನನಗೆ ಖುಷಿಯ ಬದಲು ಭಯವಾಗುತ್ತಿತ್ತು.

ಗೆರೆ ತುಂಬಲು ಇನ್ನು ಸ್ವಲ್ಪವೇ ಇದ್ದಾಗ ಅಮಾವಾಸ್ಯೆ ಬಂತು. ನಮ್ಮಲ್ಲಿ ಅಮಾವಾಸ್ಯೆಗೆ ಗಾಡಿ, ತಕ್ಕಡಿ, ಹೊಲಿಗೆ ಮಷಿನ್ನು, ಹೀಗೆ ಮನೆ ನಡೆಸುವ ಎಲ್ಲ ಸಾಮಾನಿಗೂ ಪೂಜೆ. ಸಂಜೆ ಕಚೇರಿಯಿಂದ ಬಂದು ನೋಡುತ್ತೇನೆ, ದೇವರ ಮುಂದೆ ಹಿತ್ತಾಳೆಯ ದೀಪಗಳ ನಡುವೆ ಡಿಸ್ಕು ಕುಂಕುಮ ಹಚ್ಚಿಸಿಕೊಂಡು ಕೂತಿದೆ. ಧೂಳು ಹಿಡಿಯಬಾರದೆಂದು ನಾನೇ ಅದನ್ನು ತೆಗೆದು ಡಬ್ಬಿಯಲ್ಲಿಟ್ಟಿದ್ದೆ.

“ತಾಟಿನ ಮ್ಯಾಲ ಬೆರಳಿನ ಗುರ್ತು ಕುಂತಿದ್ವು” ಅಂದಳು ಅವ್ವ, ಡಿಸ್ಕು ತೋರಿಸಿ. “ದೀಪದ ಜೋಡಿ ಹುಣಸಿಹಣ್ಣು, ಬೂದಿ ಹಾಕಿ ತಿಕ್ಕಿ ತೊಳ್ದೀನಿ. ದಿನಾ ಅದ್ರ ದಾರೀನೇ ಕಾಯ್ತಾಳ. ದೇವ್ರ ಮುಂದ ಇಟ್ರ ಕಣ್ಣಿಗಿ ಒಳ್ಳೇದಾಗ್ತದ.”

ಹೊಳೆಯುವ ಬದಿಯ ತುಂಬ ಗೀರುಗಳಿದ್ದವು. ಮರುದಿನ ಗೆರೆ ತುಂಬಿತು, ಮಷಿನ್ನು ಡಿಸ್ಕು ಕೇಳಿತು. ಆಟವೆಲ್ಲ ಹೊಟ್ಟೆಯೊಳಗೇ ಇದ್ದರೂ ಡಿಸ್ಕು ಹಾಕದೆ ಅದು ಶುರುವಾಗುವುದಿಲ್ಲ. ಹಾಕಿದೆ. ಕರಕರ ಸದ್ದು ಮಾಡಿ ಹೊರಗೆ ದಬ್ಬಿತು. ಒರೆಸಿ ಹಾಕಿದೆ, ಮತ್ತೆ ದಬ್ಬಿತು. ನಾನು ಅವ್ವನ ಮೇಲೆ ಬಾಯಿಗೆ ಬಂದಂತೆ ಕೂಗಾಡಿದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

“ಅವ್ವಗ ಬೈಬ್ಯಾಡ” ಅಂದಳು ಅಕ್ಕ. “ಆಕಿ ನನ್ನ ಸಲುವಾಗೇ ಮಾಡ್ಯಾಳ.”

ಹೊಸ ಡಿಸ್ಕು ಹೈದರಾಬಾದಿನಿಂದ ಬರಬೇಕಿತ್ತು. ಒಂಬತ್ತು ದಿನ ಹಿಡಿಯಿತು. ಹತ್ತನೆಯ ದಿನ ಮಧ್ಯಾಹ್ನ, ಅಂಗಳದ ಬಿಸಿಲು ಮನೆಯೊಳಗೆಲ್ಲ ಹರಡಿದ್ದಾಗ, ಅಕ್ಕ ಗೋಡೆ ಸವರಿಕೊಂಡು ಬಂದು ಟಿವಿ ಮುಂದೆ ಕೂತಳು. ಡಿಸ್ಕನ್ನು ಮಷಿನ್ನು ಒಪ್ಪಿಕೊಂಡಿತು. ಆದರೆ ಈ ನಡುವೆ ಆಟಕ್ಕೆ ಏನೋ ಹೊಸದು ಸೇರಿದೆಯಂತೆ, ಅದನ್ನೂ ಇಳಿಸಿಕೊಳ್ಳಬೇಕಂತೆ. ಟಿವಿಯಲ್ಲಿ ಮತ್ತೆ ಗೆರೆ ಬಂತು.

ನಾನು ಕೂಗಾಡಿದ ದಿನದಿಂದ ಅವ್ವ ಟಿವಿ ಇದ್ದ ಕೋಣೆಗೆ ಕಾಲಿಟ್ಟಿರಲಿಲ್ಲ. ಅಡುಗೆಮನೆಯಿಂದಲೇ ಕೇಳಿದಳು: “ಕಾಣಾಕತ್ತದೇನ್ ಯವ್ವಾ?”

“ಹ್ಞೂಂ ಅವ್ವಾ” ಅಂದಳು ಅಕ್ಕ, ದನಿ ಎತ್ತರಿಸಿ. “ಬಾಗಿಲಾ ತೆರದದ. ಭಾಳ ಚಂದ ಅದ.”

ಒಳಗೆ ಅವ್ವ ದೇವರ ಹೆಸರು ಹೇಳಿ ಅತ್ತದ್ದು ಕೇಳಿಸಿತು. ಅಕ್ಕ ನನ್ನ ತೋಳು ಹುಡುಕಿ ಹಿಡಿದು, ಮೆಲ್ಲಗೆ ಕೇಳಿದಳು:

“ತಮ್ಮಾ, ಎಷ್ಟಾಗ್ಯಾದ ಅಂತ ಓದಿ ಹೇಳು.”